ಕಚೇರಿಯ ಕಂಪ್ಯೂಟರ್‌ಗಳಿಗೆ ಹೆಸರಿಡುವ ಕ್ರಮ ಹೇಗಿರಬೇಕು?

ಕೇಬಲ್‌ಗಂಟು:
ನಮ್ಮಲ್ಲಿ ಸುಮಾರು 140 ಕಂಪ್ಯೂಟರ್‌ಗಳಿವೆ. ನೆಟ್‌ವರ್ಕ್‌ನಲ್ಲಿ ಕೆಲವಕ್ಕೆ ಬಳಸುವವರ ಹೆಸರು, ಕೆಲವಕ್ಕೆ ವಿಭಾಗದ ಹೆಸರು. ಉಳಿದವಕ್ಕೆ 'ಡೆಸ್ಕ್‌ಟಾಪ್' ಎಂದು ಶುರುವಾಗುವ, ವಿಂಡೋಸ್ ತಾನೇ ಕೊಟ್ಟ ಹೆಸರು. ಎಲ್ಲವನ್ನೂ ಶಾಖೆ-ಮಹಡಿ-ವಿಭಾಗ-ಬಳಕೆದಾರ ಎಂಬ ಕ್ರಮಕ್ಕೆ ತರಬೇಕೆಂದಿದ್ದೇನೆ. ಹೆಸರು ನೋಡಿದೊಡನೆ ಯಾರದು, ಎಲ್ಲಿದೆ ಎಂದು ತಿಳಿಯಬೇಕು. ಸರಿಯೇ?

ಹಳೆಯಸ್ವಿಚ್:
ಬೇಡ. ನೀವು ಹೇಳಿದ ನಾಲ್ಕೂ ಬದಲಾಗುವಂಥವು. ಜನ ಕೆಲಸ ಬಿಡುತ್ತಾರೆ, ವಿಭಾಗಗಳು ಒಂದರಲ್ಲೊಂದು ವಿಲೀನವಾಗುತ್ತವೆ, ಮೂರನೇ ಮಹಡಿಯ ಲ್ಯಾಪ್‌ಟಾಪ್ ಮೊದಲನೆಯದಕ್ಕೆ ಇಳಿಯುತ್ತದೆ. ಆಂಟಿವೈರಸ್ ಎಚ್ಚರಿಕೆ ಬಂದ ದಿನ ನೀವು ಎಂದೋ ರಾಜೀನಾಮೆ ಕೊಟ್ಟವರ ಮೇಜು ಹುಡುಕುತ್ತಿರುತ್ತೀರಿ.

ಯಂತ್ರ ಗುಜರಿ ಸೇರುವವರೆಗೂ ಬದಲಾಗದವು ಎರಡೇ: ಅದು ಯಾವ ಬಗೆಯದು, ಅದರ ಸೀರಿಯಲ್ ನಂಬರ್ ಏನು. ಲ್ಯಾಪ್‌ಟಾಪ್‌ಗೆ 'ಎಲ್', ಡೆಸ್ಕ್‌ಟಾಪ್‌ಗೆ 'ಡಿ', ಒಂದು ಹೈಫನ್, ಆಮೇಲೆ ಸೀರಿಯಲ್ ನಂಬರ್. ಇಷ್ಟು ಸಾಕು. ಡೆಲ್‌ನವರ ಸೀರಿಯಲ್ ನಂಬರ್ ಆದ ಸರ್ವಿಸ್ ಟ್ಯಾಗ್ ಏಳೇ ಅಕ್ಷರ, ಸಲೀಸಾಗಿ ಹಿಡಿಸುತ್ತದೆ. ಬೇರೆ ಕಂಪನಿಯದು ಉದ್ದವಿದ್ದರೆ ಕೊನೆಯ ಅಕ್ಷರಗಳನ್ನು ಉಳಿಸಿಕೊಳ್ಳಿ. ಒಟ್ಟಿಗೆ ಕೊಂಡ ಯಂತ್ರಗಳಲ್ಲಿ ಮೊದಲ ಅಕ್ಷರಗಳು ಸಾಮಾನ್ಯವಾಗಿ ಒಂದೇ ಇರುತ್ತವೆ. ವಿಂಡೋಸ್ ಯಂತ್ರಗಳು ನೆಟ್‌ವರ್ಕ್‌ನಲ್ಲಿ ಒಂದನ್ನೊಂದು ಗುರುತಿಸಲು ಬಳಸುವ ನೆಟ್‌ಬಯಾಸ್ ಹೆಸರಿಗೆ 15 ಅಕ್ಷರಗಳ ಮಿತಿಯಿದೆ. ನಿಮ್ಮ ರೈಲುಬಂಡಿ ಅದರಲ್ಲಿ ನಿಲ್ಲುವುದೂ ಇಲ್ಲ.

ಯಾರದು, ಎಲ್ಲಿದೆ ಎಂಬುದನ್ನು ಅಸೆಟ್ ರಿಜಿಸ್ಟರ್‌ನಲ್ಲಿ, ಅಂದರೆ ಕಚೇರಿಯ ಸಲಕರಣೆಗಳ ಪಟ್ಟಿಯಲ್ಲಿ, ಬರೆಯಿರಿ. ಅಲ್ಲಿ ತಿದ್ದಲು ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕಾಗಿಲ್ಲ.

ಪ್ಯಾಚ್‌ಪ್ಯಾನೆಲ್:
ಭದ್ರತೆಯ ಮಾತೂ ಇದೆ. ಲ್ಯಾಪ್‌ಟಾಪ್ ಹೊರಗಿನ ವೈಫೈ ಸೇರುವಾಗ ನೆಟ್‌ವರ್ಕ್ ವಿಳಾಸ ಕೇಳುವ ಡಿಎಚ್‌ಸಿಪಿ ಕೋರಿಕೆಯ ಜೊತೆ ತನ್ನ ಹೆಸರನ್ನೂ ಸಾಮಾನ್ಯವಾಗಿ ಕಳುಹಿಸುತ್ತದೆ. 'ಫೈನಾನ್ಸ್-ಹೆಡ್' ಎಂದಿದ್ದರೆ ಕಳ್ಳನಿಗೆ ವಿಳಾಸ ಕೊಟ್ಟಂತೆ. ಅಂಡರ್‌ಸ್ಕೋರ್ ಬಳಸಬೇಡಿ, ಹೆಸರಿನಿಂದ ನೆಟ್‌ವರ್ಕ್ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಹೋಸ್ಟ್ (ಯಂತ್ರದ) ಹೆಸರಿಗೆ ಅದು ಸಲ್ಲದು. ಬರೀ ಅಂಕಿಗಳ ಹೆಸರನ್ನು ವಿಂಡೋಸ್ ಒಪ್ಪುವುದಿಲ್ಲ.

ಕೇಬಲ್‌ಗಂಟು:
ಒಪ್ಪಿದೆ. ಆದರೆ ಫೋನಿನಲ್ಲಿ ದೂರು ಹೇಳುವವರಿಗೆ ಈ ಹೆಸರು ಹೇಗೆ ಗೊತ್ತಾಗಬೇಕು? ಹಳೆಯ 140 ಹೆಸರುಗಳನ್ನು ಒಂದೇ ಸಲ ಬದಲಿಸಲೇ?

ಹಳೆಯಸ್ವಿಚ್:
ಪರದೆಯ ಅಂಚಿಗೆ ಒಂದು ಸ್ಟಿಕ್ಕರ್ ಅಂಟಿಸಿ, ಓದಿ ಹೇಳುತ್ತಾರೆ. ಡೆಸ್ಕ್‌ಟಾಪ್ ಆದರೆ ಡಬ್ಬಿಗೇ ಅಂಟಿಸಿ, ಮಾನಿಟರ್‌ಗಳು ಅದಲುಬದಲಾಗುತ್ತವೆ. ಸೊನ್ನೆಗೂ 'ಓ'ಗೂ ವ್ಯತ್ಯಾಸ ಕಾಣುವ ಅಕ್ಷರವಿನ್ಯಾಸವಿರಲಿ, ಇಲ್ಲವಾದರೆ ಅರ್ಧ ಕರೆ ಅದರಲ್ಲೇ ಮುಗಿಯುತ್ತದೆ.

ಒಂದೇ ಸಲ ಬೇಡ. ಯಂತ್ರ ಕೈ ಬದಲಾದಾಗ ಅಥವಾ ವಿಂಡೋಸ್ ಹೊಸದಾಗಿ ಹಾಕುವಾಗ ಹೆಸರನ್ನೂ ಬದಲಿಸಿ. ಪ್ರಿಂಟರ್ ಹಂಚಿಕೊಂಡಿರುವ ಯಂತ್ರಗಳನ್ನು ಮಾತ್ರ ಮೊದಲೇ ಪಟ್ಟಿ ಮಾಡಿಕೊಳ್ಳಿ. ಅವುಗಳ ಹೆಸರು ಬದಲಾದರೆ ಉಳಿದವರ ಪ್ರಿಂಟ್ ನಿಲ್ಲುತ್ತದೆ.