‘ಆಣೆ ಮುರಿದರೆ ಪಾಪ ಬರುತ್ತಾ?’ – ಓದುಗರ ಸ್ಪಂದನ

ಪ್ರೀತಿಸಿದ ಹುಡುಗನ ತಂಗಿಯರ ಮದುವೆ ಆಗುವವರೆಗೆ ಕಾಯುತ್ತೇನೆ, ಬೇರೆ ಯಾರನ್ನೂ ನೋಡುವುದಿಲ್ಲ ಎಂದು ಶರಣಬಸವೇಶ್ವರ ಗುಡಿಯಲ್ಲಿ ಆಣೆ ಮಾಡಿದ ಕಲಬುರಗಿಯ ಓದುಗರೊಬ್ಬರ ಪತ್ರ ಕಳೆದ ವಾರ ಪ್ರಕಟವಾಗಿತ್ತು. ಅವನಿಗಾಗಿ ಪುಣೆಯ ನೌಕರಿ ಬಿಟ್ಟರು, ಸಂಬಳದಲ್ಲೂ ಪಾಲು ಕೊಟ್ಟರು. ಈಗ ತಂಗಿಯರ ಮದುವೆ ಮುಗಿದಿದೆ. ‘ಮನೆಯೊಂದು ಕಟ್ಟಿಬಿಡ್ತೀನಿ, ಆಮೇಲೆ’ ಅನ್ನುತ್ತಿದ್ದಾನೆ.

ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಜೇವರ್ಗಿಯ ಒಬ್ಬರೇ:

ಶರಣರು ನಮ್ಮ ಅರಳಗುಂಡಗಿಯವರು. ದಾಸೋಹಕ್ಕೆ ಹೆಸರಾದವರು. ಊರಿಗೆಲ್ಲ ಉಣಿಸಿದವರು ನಿನ್ನನ್ನು ಉಪವಾಸ ಕೂರಿಸ್ತಾರಾ ತಂಗಿ? ಪಾಪ ಗೀಪ ಏನಿಲ್ಲ.

ಬಸವಕಲ್ಯಾಣದ ನಿವೃತ್ತ ಶಿಕ್ಷಕಿಯ ಪತ್ರ ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ:

ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ ಮಗಳೇ. ನಾನೂ ಹೀಗೇ ಒಬ್ಬರಿಗಾಗಿ ಕಾದವಳು. ಅವರು ಮೊದಲ ಸಂಬಳದಲ್ಲಿ ನನಗೊಂದು ಬಿದರಿ ಡಬ್ಬಿ ಕೊಡಿಸಿದ್ದರು. ಈಗ ಅದರ ಮೂಲೆಯ ಬೆಳ್ಳಿ ತಂತಿ ಎದ್ದಿದೆ, ಕಪಾಟು ತೆಗೆದಾಗಲೆಲ್ಲ ಸೆರಗಿಗೆ ಸಿಕ್ಕಿಕೊಳ್ಳುತ್ತದೆ. ಬಿಸಾಡಲಿಕ್ಕೆ ಕೈ ಬರಲ್ಲ. ಮೊದಲು ಅವರ ತಮ್ಮನ ಓದು ಅಂದರು, ಆಮೇಲೆ ಹೊಲದ ಸಾಲ, ಆಮೇಲೆ ಅಪ್ಪನ ಕಾಯಿಲೆ. ಒಂದೂ ಸುಳ್ಳಲ್ಲ. ಹುಮನಾಬಾದಿನಿಂದ ಒಳ್ಳೆಯ ಸಂಬಂಧ ಬಂದಿತ್ತು, ನಾನು ಒಲ್ಲೆ ಅಂದೆ. ಅಕ್ಕ ಕೂತಿದ್ದಾಳೆ ಅಂತ ತಂಗಿಗೆ ಬಂದ ಗಂಡುಗಳೂ ವಾಪಸ್ ಹೋದವು. ತಂಗಿ ಯಾವ ಆಣೆಯನ್ನೂ ಮಾಡಿರಲಿಲ್ಲ, ಅಲ್ವಾ? ಜನ ‘ಮೋಸ ಮಾಡಿದ’ ಅಂತಾರೆ. ಇಲ್ಲ. ಅವರು ಇವತ್ತಿಗೂ ಮದುವೆಯಾಗಿಲ್ಲ. ನಿಯತ್ತು ಪೂರಾ ಇತ್ತು. ಸಂಸಾರ ಮಾತ್ರ ಆಗಲಿಲ್ಲ. ಸಂತೆಯಲ್ಲಿ ಸಿಕ್ಕರೆ ಈಗಲೂ ‘ಆರಾಮಿದ್ದೀಯಾ’ ಅಂತ ಕೇಳ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಹುಡುಗನ ಪರವಾಗಿಯೂ ಒಬ್ಬರಿದ್ದಾರೆ. ಆಳಂದದವರು:

ನಾನೂ ಹಿರೇಮಗ. ನೆಟೆ ರೋಗ ಬಂದು ತೊಗರಿ ಒಣಗಿದ ವರ್ಷವೇ ತಂಗಿ ಮದುವೆ ಮಾಡಿದವನು. ಮನೆ ಅಂದರೆ ಸುಮ್ನೆ ನೆಪ ಅಂತ ಎಲ್ಲರೂ ಅಂದುಕೊಳ್ತೀರಿ. ಸೋರುವ ಮನೆಗೆ ಸೊಸೆ ತಂದರೆ ಆಮೇಲೆ ಬೈಯುವವರೂ ನೀವೇ.

ಸರಿ. ಆದರೆ ಸೋರುವ ಮನೆಯಾದರೂ ಪರವಾಗಿಲ್ಲವಾ ಎಂದು ಆಕೆಯನ್ನು ಅವನು ಕೇಳಿದ ಹಾಗೆ ಪತ್ರದಲ್ಲಿಲ್ಲ.

ಯಾದಗಿರಿಯಿಂದ:

ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಲು 30 ದಿನದ ನೋಟಿಸ್ ಸಾಕು. ಇವನಿಗೆ ಇನ್ನೆಷ್ಟು ವರ್ಷ ಬೇಕಂತೆ? ತ್ಯಾಗ ಸಾಕು ಮಾಡಿ.

ಬೀದರಿನ ವಕೀಲೆಯೊಬ್ಬರಿಗೆ ಪ್ರೀತಿಗಿಂತ ಸಂಬಳದ ಚಿಂತೆ ಜಾಸ್ತಿ:

ಫೋನ್‌ಪೇಯಲ್ಲಿ ಕಳಿಸಿದ ದುಡ್ಡು ಸಾಲವೋ, ಪ್ರೀತಿಯ ಕಾಣಿಕೆಯೋ? ಕಾಣಿಕೆಯಾದರೆ ವಾಪಸ್ ಕೇಳೋದು ಕಷ್ಟ. ಸಾಲವಾದರೆ, ಸಾಮಾನ್ಯವಾಗಿ ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿ ಮುಗಿಯುವ ಮೊದಲೇ ‘ಇಷ್ಟು ಬಾಕಿ ಇದೆ’ ಅಂತ ಅವನು ಬರೆದು ಸಹಿ ಹಾಕಿದರೆ, ಅಲ್ಲಿಂದ ಮತ್ತೆ 3 ವರ್ಷ. ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ.

ಸೇಡಂನಿಂದ ಒಂದೇ ಸಾಲು ಬಂದಿದೆ: ‘ಇದೆಲ್ಲ ನಿಮ್ಮವ್ವಗ ಹೇಳೀಯೇನು?’

ಪತ್ರಗಳು ಇನ್ನೂ ಬರುತ್ತಿವೆ, ಜಾಗ ಇಷ್ಟೇ. ಮದುವೆಗೆ ತಾರೀಖು ಯಾವುದು ಎಂದು ಅವನನ್ನು ಕೇಳಿದ್ದರೆ, ಏನಂದ ಎಂದು ಆ ಓದುಗರು ನಮಗೂ ಬರೆಯಲಿ.