ಗನ್‌ಡೆಕ್ ಹಲ್ ಒಳಗೆ ಕೂರುತ್ತಿಲ್ಲ – ಇಂಪ್ಲೇಕಬಲ್ ಮಾಡೆಲ್ – ದಯವಿಟ್ಟು ಸಹಾಯ ಮಾಡಿ

ಹಾಯಿಪಟ_74 (ಶನಿವಾರ, ರಾತ್ರಿ 11.40)

ಮೂರು ವಾರದಿಂದ ತಲೆ ಕೆಟ್ಟು ಹೋಗಿದೆ. ಇಂಪ್ಲೇಕಬಲ್ ಅನ್ನುವ ಹಳೇ ಯುದ್ಧದ ಹಡಗಿನ ಮಾಡೆಲ್ ಕಟ್ಟುತ್ತಿದ್ದೇನೆ. ಕೀಲ್ (ಅಡಿಯ ಬೆನ್ನೆಲುಬು ಮರ) ನಿಂತಿದೆ, ಫ್ರೇಮ್ (ಪಕ್ಕೆಲುಬು) ಎಲ್ಲ ಅಂಟಿಸಿ ಆಗಿದೆ, ದಾರ ಹಿಡಿದು ನೋಡಿದರೆ ಸಾಲು ನೇರವಾಗಿದೆ. ಕೆಳಗಿನ ಗನ್‌ಡೆಕ್ (ಫಿರಂಗಿ ಸಾಲು ನಿಲ್ಲುವ ಅಂತಸ್ತು) ಇಡೋಣ ಅಂತ ಹೋದರೆ ಹಲ್ (ಹಡಗಿನ ಮೈ) ಒಳಗೆ ಕೂರುವುದೇ ಇಲ್ಲ. ಹಿಂದೆ ಸರಿ ಮಾಡಿದರೆ ಮುಂದೆ ಹೊರಗೆ ಚಾಚುತ್ತೆ. ಮುಂದೆ ಸರಿ ಮಾಡಿದರೆ ಹಿಂದೆ. ಹಾಯಿಮರದ ತೂತುಗಳೂ ಕೀಲ್ ಮೇಲಿನ ಗುರುತಿಗೆ ಬರುತ್ತಿಲ್ಲ.

ಎರಡು ಸಲ ಡೆಕ್ ಮತ್ತೆ ಕಟ್ ಮಾಡಿಸಿದೆ. ಲೇಸರ್ ಅಂಗಡಿಯವರು ಫೈಲ್ ಸರಿ ಇದೆ ಅಂತಾರೆ. ಯಾರಿಗಾದ್ರೂ ಹೀಗೆ ಆಗಿದೆಯಾ? ಫೋಟೋ ಹಾಕಿದ್ದೇನೆ.

ಮಲ್ಪೆ_ಬಂದರು (ಭಾನುವಾರ, ಬೆಳಿಗ್ಗೆ 6.15)

ಮರ ಹಿಗ್ಗಿದೆ ಮಾರಾಯ್ರೆ. ಮಳೆಗಾಲದಲ್ಲಿ ನನಗೆ ಪ್ರತಿ ವರ್ಷ ಇದೇ ಕಥೆ. ಡೆಕ್ ಹಲಗೆಯನ್ನು ಅಕ್ಕಿ ಡಬ್ಬದಲ್ಲಿ ಒಂದು ವಾರ ಇಡಿ. ಆಮೇಲೆ ಕೂರಿಸಿ ನೋಡಿ.

ಹಾಯಿಪಟ_74

ಬೆಂಗಳೂರಲ್ಲಿ ಅಷ್ಟು ತೇವ ಇಲ್ಲ ಸಾರ್. ಆದರೂ ಇಟ್ಟು ನೋಡುತ್ತೇನೆ.

ಮಲ್ಪೆ_ಬಂದರು

ಬೆಂಗಳೂರಲ್ಲೂ ಇರುತ್ತೆ. ಗೋಡೆಗೆ ಒರಗಿಸಿ ಇಟ್ಟಿದ್ದೀರಾ? ಗೋಡೆ ಪಸೆ ಎಳೆದರೆ ಸಾಕು. ನನ್ನ ಪಾತೆ ದೋಣಿ ಮಾಡೆಲ್‌ಗೂ ಹೀಗೇ ಆಗಿತ್ತು. ಅಕ್ಕಿಯಲ್ಲಿ ಇಟ್ಟ ಮೇಲೆ ಸರಿ ಹೋಯಿತು.

ಉಳಿ_ಸುತ್ತಿಗೆ (ಭಾನುವಾರ, ಮಧ್ಯಾಹ್ನ 1.05)

ಮಲ್ಪೆ ಅಣ್ಣ, ನಿಮ್ಮ ಮೇಲೆ ಗೌರವ ಇದೆ, ಆದರೆ ಇದನ್ನು ಒಪ್ಪಲು ಆಗಲ್ಲ. ನಾನು ಇಪ್ಪತ್ತು ವರ್ಷದಿಂದ ಬಾಗಿಲು ಚೌಕಟ್ಟು ಮಾಡುತ್ತಿದ್ದೇನೆ. ಮರ ಹಿಗ್ಗುವುದು ಅಡ್ಡಕ್ಕೆ. ಉದ್ದಕ್ಕೆ, ಅಂದರೆ ನಾರು ಹೋಗುವ ದಿಕ್ಕಿಗೆ, ಹಿಗ್ಗುವುದು ತೀರ ಕಡಿಮೆ. ಹಸಿ ಮರ ಪೂರ್ತಿ ಒಣಗಿದರೂ ಉದ್ದದಲ್ಲಿ ಸಾವಿರಕ್ಕೆ ಒಂದೆರಡು ಪಾಲು ಅಷ್ಟೇ. ಇವರ ಹಲಗೆ ಪ್ಲೈವುಡ್ ಇದ್ದ ಹಾಗೆ ಕಾಣುತ್ತೆ. ಅದರಲ್ಲಿ ಒಂದು ಪದರ ಉದ್ದ, ಒಂದು ಪದರ ಅಡ್ಡ. ಎಲ್ಲಿಂದ ಹಿಗ್ಗುತ್ತೆ?

ಹಾಯಿಪಟ ಅವರೇ, ಎಷ್ಟು ಜಾಸ್ತಿ ಬರುತ್ತಿದೆ ಅಂತ ಹೇಳಲೇ ಇಲ್ಲ ನೀವು. ಒಂದು ಮಿಲಿಮೀಟರಾ? ಐದಾ?

ಹಾಯಿಪಟ_74

ಮೂರೂವರೆ ಸೆಂಟಿಮೀಟರ್.

ಉಳಿ_ಸುತ್ತಿಗೆ

ಸೆಂಟಿಮೀಟರಾ! ಅದನ್ನು ಮೊದಲೇ ಹೇಳಬೇಕಿತ್ತು ಅಲ್ವಾ. ಅಕ್ಕಿ ಡಬ್ಬ ಮರೆತುಬಿಡಿ.

ಮಲ್ಪೆ_ಬಂದರು

ಅಕ್ಕಿಯಲ್ಲಿ ಇಟ್ಟರೆ ನಷ್ಟ ಏನೂ ಇಲ್ಲವಲ್ಲ.

ತೇಗದ_ಹಡಗು (ಭಾನುವಾರ, ಸಂಜೆ 5.30)

ಪ್ಲೈವುಡ್ ಬಿಟ್ಟು ತೇಗ ಹಿಡಿಯಿರಿ ಅಂತ ಈ ಗುಂಪಲ್ಲಿ ನಾನು ಹೇಳುತ್ತಲೇ ಇದ್ದೇನೆ. ನನ್ನ ಟ್ರಿಂಕೊಮಲೀ ನೋಡಿ (ಫೋಟೋ). 1:64, ಹಲಗೆ ಪೂರ್ತಿ ತೇಗ, ನಮ್ಮ ಅಜ್ಜನ ಮನೆಯ ಹಳೇ ಮಂಚದ ಮರ. ನಿಜವಾದ ಹಡಗೂ ಮಲಬಾರಿನ ತೇಗದ್ದೇ. ವಾಡಿಯಾ ಮನೆತನದವರು ಮುಂಬೈಯಲ್ಲಿ ಕಟ್ಟಿ 1817ರಲ್ಲಿ ನೀರಿಗೆ ಇಳಿಸಿದರು. ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಓಕ್ ಹಡಗು ಏನಾಯಿತು? ಹಾಯಿಪಟ ಅವರ ಇಂಪ್ಲೇಕಬಲ್ 1949ರಲ್ಲಿ ಮುಳುಗಿತು.

ಹಾಯಿಪಟ_74

ಮುಳುಗಲಿಲ್ಲ ಸಾರ್, ಮುಳುಗಿಸಿದರು. ಆ ಎರಡಕ್ಕೂ ತುಂಬ ವ್ಯತ್ಯಾಸ ಇದೆ. ನಾನು ಈ ಹಡಗು ಹಿಡಿದದ್ದೇ ಆ ಕಾರಣಕ್ಕೆ.

1800ರಲ್ಲಿ ರೋಶ್‌ಫೋರ್‌ನಲ್ಲಿ ನೀರಿಗಿಳಿದಾಗ ಇದರ ಹೆಸರು ದ್ಯುಗೇ-ತ್ರುವ್ಯಾಂ. ಸಾನೆ ಅನ್ನುವ ಫ್ರೆಂಚ್ ಹಡಗು ಶಿಲ್ಪಿ 1782ರಲ್ಲಿ ಬರೆದ ತೆಮೆರೇರ್ ನಕ್ಷೆಯ ಹಡಗು ಇದು. 1805ರಲ್ಲಿ ಟ್ರಫಾಲ್ಗರ್ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಫ್ರೆಂಚರ ಕಡೆ ಇತ್ತು. ಅಲ್ಲಿಂದ ತಪ್ಪಿಸಿಕೊಂಡ ನಾಲ್ಕು ಹಡಗಿನ, ದುಮನ್ವಾರ್ ಅನ್ನುವ ಫ್ರೆಂಚ್ ಅಡ್ಮಿರಲ್‌ನ ತಂಡದಲ್ಲಿ ಇದೂ ಒಂದು. ಎರಡು ವಾರ ಆದ ಮೇಲೆ, ನವೆಂಬರ್ 4ಕ್ಕೆ, ಕೇಪ್ ಒರ್ತೆಗಾಲ್ ಹತ್ತಿರ ಬ್ರಿಟಿಷರು ನಾಲ್ಕನ್ನೂ ಹಿಡಿದರು. ಇದರ ಕ್ಯಾಪ್ಟನ್ ತೂಫೆ ಆ ಜಗಳದಲ್ಲೇ ಸತ್ತ. ಆಮೇಲೆ ಹೆಸರು ಇಂಪ್ಲೇಕಬಲ್ ಅಂತ ಬದಲಾಯಿತು, ಬಾವುಟ ಬದಲಾಯಿತು. 1808ರ ಆಗಸ್ಟ್‌ನಲ್ಲಿ ಇದೇ ಹಡಗು ಬಾಲ್ಟಿಕ್ ಸಮುದ್ರದಲ್ಲಿ ಜೊತೆಗಿದ್ದ ಸ್ವೀಡನ್ನಿನ ಹಡಗುಗಳನ್ನು ಹಿಂದೆ ಬಿಟ್ಟು ಓಡಿ, ವ್ಸೆವೊಲೋದ್ ಅನ್ನುವ ರಷ್ಯಾದ ಹಡಗಿನ ಮೇಲೆ ಬಿದ್ದು ಬಾವುಟ ಇಳಿಸುವಂತೆ ಮಾಡಿತು. ಇಂಪ್ಲೇಕಬಲ್‌ನಲ್ಲಿ ಆರು ಜನ ಸತ್ತರು. 1840ರಲ್ಲಿ ಸಿರಿಯಾ ಕರಾವಳಿಯ ಯುದ್ಧದಲ್ಲೂ ಇತ್ತು. ಆಮೇಲೆ ಹುಡುಗರಿಗೆ ಹಡಗಿನ ಕೆಲಸ ಕಲಿಸುವ ಶಾಲೆಯಾಯಿತು.

ಎರಡನೇ ಮಹಾಯುದ್ಧ ಮುಗಿದಾಗ ಟ್ರಫಾಲ್ಗರ್ ಕಂಡ ಹಡಗುಗಳಲ್ಲಿ ಉಳಿದದ್ದು ಇದು ಮತ್ತು ಬ್ರಿಟಿಷರ ವಿಕ್ಟರಿ, ಎರಡೇ. ರಿಪೇರಿಗೆ ದುಡ್ಡಿಲ್ಲ ಅಂದರು. 1949ರ ಡಿಸೆಂಬರ್ 2ರಂದು ಐಲ್ ಆಫ್ ವೈಟ್ ಹತ್ತಿರ ಸಮುದ್ರಕ್ಕೆ ಎಳೆದುಕೊಂಡು ಹೋಗಿ ಸಿಡಿಮದ್ದು ಇಟ್ಟರು. ಬ್ರಿಟಿಷ್ ಬಾವುಟ, ಫ್ರೆಂಚ್ ಬಾವುಟ ಎರಡೂ ಹಾರುತ್ತಿದ್ದವು. ಸಿಡಿಮದ್ದು ಸಿಡಿದ ಮೇಲೂ ಗಂಟೆಗಟ್ಟಲೆ ತೇಲುತ್ತಲೇ ಇತ್ತಂತೆ. ಓಕ್ ಬಗ್ಗೆ ದಯವಿಟ್ಟು ಹಾಗೆ ಹೇಳಬೇಡಿ.

ತೇಗದ_ಹಡಗು

ಸರಿ, ತಪ್ಪಾಯಿತು. ಆದರೆ ಒಂದು ವಿಷಯ ಗೊತ್ತಾ? ಟ್ರಿಂಕೊಮಲೀಗೂ ಒಂದು ಕಾಲದಲ್ಲಿ ಫೂದ್ರುವಾಯಾಂ ಅಂತ ಹೆಸರಿತ್ತು. ಅದೂ ಹುಡುಗರ ಶಾಲೆಯೇ. ನಿಮ್ಮ ಇಂಪ್ಲೇಕಬಲ್ ಪಕ್ಕದಲ್ಲೇ ಎಷ್ಟೋ ವರ್ಷ ಲಂಗರು ಹಾಕಿಕೊಂಡು ನಿಂತಿತ್ತು. ಅದರ ಮೊದಲ ನಕ್ಷೆಗಳು ಮುಂಬೈಗೆ ಬರುವಾಗ ಜಾವಾ ಅನ್ನುವ ಬ್ರಿಟಿಷ್ ಹಡಗಿನ ಜೊತೆ ನಾಶವಾದವು. 1812ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಅನ್ನುವ ಹಡಗು ಅದನ್ನು ಸೋಲಿಸಿತು. ಆ ಜಾವಾ ಕೂಡ ಫ್ರೆಂಚರಿಂದ ಹಿಡಿದದ್ದೇ, ಮೊದಲ ಹೆಸರು ರೆನೊಮೇ.

ಉಳಿ_ಸುತ್ತಿಗೆ

ಕಥೆ ಚೆನ್ನಾಗಿದೆ ಸಾರ್, ಆದರೆ ಇಲ್ಲಿ ಡೆಕ್ ಕೂರುತ್ತಿಲ್ಲ.

ನಕ್ಷೆ_ಮನೆ (ಸೋಮವಾರ, ಬೆಳಿಗ್ಗೆ 9.20)

ಹಾಯಿಪಟ ಅವರೇ, ನಾಲ್ಕು ಅಳತೆ ಕೊಡಿ. ವರ್ನಿಯರ್ ಬೇಡ, ಸ್ಟೀಲ್ ಸ್ಕೇಲ್ ಸಾಕು. ಹಲ್ ಉದ್ದ, ಹಲ್ ಅಗಲ. ಡೆಕ್ ಉದ್ದ, ಡೆಕ್ ಅಗಲ. ಮತ್ತೆ, ಹಲ್ ಮತ್ತು ಡೆಕ್ ಎರಡೂ ಒಂದೇ ನಕ್ಷೆಯಿಂದ ತೆಗೆದದ್ದಾ?

ಹಾಯಿಪಟ_74

ಹಲ್ 52.4 ಸೆಂ.ಮೀ., ಅಗಲ 13.6. ಡೆಕ್ 55.9, ಅಗಲ 14.5. ಹೌದು, ಅಗಲದಲ್ಲೂ ಜಾಸ್ತಿ ಇದೆ, ಸ್ಯಾಂಡ್‌ಪೇಪರ್ ಹೊಡೆದು ಸರಿ ಮಾಡಬಹುದು ಅಂದುಕೊಂಡಿದ್ದೆ.

ನಕ್ಷೆ ಎರಡು. ಹಲ್ ಫ್ರೆಂಚ್ ನಕ್ಷೆಯದು. ಡೆಕ್ ಬ್ರಿಟಿಷರು ಹಡಗು ಹಿಡಿದ ಮೇಲೆ ಅಳೆದ ನಕ್ಷೆಯದು. ಒಂದೇ ಹಡಗು ಅಲ್ವಾ, ಅದಕ್ಕೇ ಹೇಳಲಿಲ್ಲ. ಎರಡನ್ನೂ 1:100ಕ್ಕೆ ತಂದಿದ್ದೇನೆ.

ನಕ್ಷೆ_ಮನೆ

55.9 ಭಾಗಿಸು 52.4, 1.067 ಬರುತ್ತೆ. 14.5 ಭಾಗಿಸು 13.6, ಅದೂ 1.066. ಉದ್ದ ಅಗಲ ಎರಡರಲ್ಲೂ ಒಂದೇ ಪಾಲು. ಹಾಗಾದರೆ ಆಕಾರದಲ್ಲಿ ತಪ್ಪಿಲ್ಲ, ಅಳತೆಯಲ್ಲಿ ತಪ್ಪಿದೆ. ಪ್ರಿಂಟ್ ತೆಗೆಸುವಾಗ ಕಾಗದಕ್ಕೆ ಹೊಂದಿಸು ಅನ್ನುವ ಆಯ್ಕೆ ಒತ್ತಿದ್ದಾರೆ. ನಮ್ಮ ಆಫೀಸಲ್ಲೂ ಹೊಸಬರು ಇದನ್ನೇ ಮಾಡುತ್ತಾರೆ. ನಕ್ಷೆಯ ಕೆಳಗಿನ ಅಳತೆ ಪಟ್ಟಿಗೆ ಸ್ಕೇಲ್ ಇಟ್ಟು ನೋಡಿ.

ಹಾಯಿಪಟ_74

ನೋಡಿದೆ ಮೇಡಂ. ಸರಿಯಾಗಿಯೇ ಇದೆ. ಜೆರಾಕ್ಸ್ ಅಂಗಡಿಯಲ್ಲಿ ನಾನೇ ಪಕ್ಕದಲ್ಲಿ ನಿಂತು, 100 ಅಡಿಯ ಪಟ್ಟಿ 30.48 ಸೆಂ.ಮೀ. ಬರುವವರೆಗೂ ಹಿಗ್ಗಿಸಿದ್ದೆ.

ನಕ್ಷೆ_ಮನೆ

ಫ್ರೆಂಚ್ ನಕ್ಷೆಯಲ್ಲಾ? ಆ ಪಟ್ಟಿಯ ಮೇಲೆ ಏನು ಬರೆದಿದೆ? ಇದ್ದದ್ದು ಇದ್ದ ಹಾಗೆ ಹೇಳಿ.

ಹಾಯಿಪಟ_74

'ಪಿಯೆ' ಅಂತ ಇದೆ. ಫ್ರೆಂಚಲ್ಲಿ ಪಾದ ಅಂತ ಅರ್ಥ, ಅಡಿ ಅಲ್ವಾ?

ನಕ್ಷೆ_ಮನೆ (ಸೋಮವಾರ, ಬೆಳಿಗ್ಗೆ 9.58)

ಸಿಕ್ಕಿತು.

ಅಡಿಯೇ, ಆದರೆ ಫ್ರಾನ್ಸಿನ ರಾಜನ ಅಡಿ. ಇಂಗ್ಲಿಷ್ ಅಡಿ 30.48 ಸೆಂ.ಮೀ. ಫ್ರೆಂಚ್ ಅಡಿ 32.48. ಅಡಿಗೆ ಎರಡು ಸೆಂಟಿಮೀಟರ್ ಜಾಸ್ತಿ. ಅವರ ಅಂಗುಲವೂ ದೊಡ್ಡದು, 2.7 ಸೆಂ.ಮೀ. ಈ ಹಡಗು ಇಳಿಯುವ ಹೊತ್ತಿಗೆ ಫ್ರಾನ್ಸ್‌ನಲ್ಲಿ ಮೀಟರ್ ಬಂದಿತ್ತು, ಆದರೆ ಸಾನೆ ನಕ್ಷೆ ಬರೆದದ್ದು 1782ರಲ್ಲಿ. ತೆಮೆರೇರ್ ನಕ್ಷೆಯ ಹಡಗಿನ ಉದ್ದ 172 ಫ್ರೆಂಚ್ ಅಡಿ, ಅಂದರೆ 55.87 ಮೀಟರ್, ಇಂಗ್ಲಿಷ್ ಅಡಿಯಲ್ಲಿ 183 ಚಿಲ್ಲರೆ. ನೀವು 172 ಇಂಗ್ಲಿಷ್ ಅಡಿ ಅಂತ ಹಿಡಿದಿರಿ. ಅದು 52.4 ಮೀಟರ್. ನಿಮ್ಮ ಹಲ್ ಉದ್ದ ಎಷ್ಟು, ನೋಡಿಕೊಳ್ಳಿ.

ಬ್ರಿಟಿಷರು ಹಿಡಿದ ಹಡಗನ್ನು ಡಾಕ್‌ಗೆ ತಂದು ತಮ್ಮ ಅಡಿಯಲ್ಲಿ ಹೊಸದಾಗಿ ಅಳೆದು ನಕ್ಷೆ ಬರೆಯುತ್ತಿದ್ದರು. ನಿಮ್ಮ ಡೆಕ್ ಸರಿ ಇದೆ. ಲೇಸರ್ ಅಂಗಡಿಯವರೂ ಸರಿ. ಚಿಕ್ಕದಾಗಿರುವುದು ಹಲ್. ಆ 100 ಅಡಿಯ ಪಟ್ಟಿ 32.48 ಬರಬೇಕಿತ್ತು.

ಹಾಯಿಪಟ_74

ಅಂದರೆ ಮೂರು ತಿಂಗಳ ಫ್ರೇಮ್ ಕೆಲಸ ಹೋಯಿತಾ?

ಮಲ್ಪೆ_ಬಂದರು

ಬೇಜಾರು ಮಾಡಿಕೊಳ್ಳಬೇಡಿ. ನನ್ನ ಊಹೆ ತಪ್ಪಾಯಿತು. ಆದರೆ ಗೋಡೆಯ ಪಸೆ ವಿಷಯ ಮಾತ್ರ ಗಮನದಲ್ಲಿಡಿ.

ಉಳಿ_ಸುತ್ತಿಗೆ

ಏನೂ ಹೋಗಿಲ್ಲ. ಹಲ್ ಹಾಗೇ ಇರಲಿ. ಡೆಕ್ ಅನ್ನು ನೂರಕ್ಕೆ 93.8ಕ್ಕೆ ಇಳಿಸಿ ಮತ್ತೊಮ್ಮೆ ಕಟ್ ಮಾಡಿಸಿ. ಖರ್ಚು ಕೆಲವು ನೂರು ರೂಪಾಯಿ. ಮಾಡೆಲ್ 1:100 ಬದಲು 1:106.6 ಆಗುತ್ತೆ. ಕಣ್ಣಿಗೆ ಏನೂ ಗೊತ್ತಾಗಲ್ಲ.

ಹಾಯಿಪಟ_74

ಫಿರಂಗಿ ಎಲ್ಲ ಹಿತ್ತಾಳೆಯದ್ದು, 1:100ರಲ್ಲಿ ಈಗಾಗಲೇ ಮಾಡಿಸಿ ಇಟ್ಟಿದ್ದೇನೆ. ಕೆಳಗಿನ ಸಾಲಿಗೆ ಬ್ರಿಟಿಷ್ 32 ಪೌಂಡ್ ಗುಂಡಿನವು. ಅವು ದೊಡ್ಡದಾಗಿ ಕಾಣುತ್ತವೆ ಅಲ್ವಾ?

ನಕ್ಷೆ_ಮನೆ

ಇದು ಒಳ್ಳೆ ಪ್ರಶ್ನೆ. ಮಧ್ಯಾಹ್ನ ಊಟ ಬಿಟ್ಟು ಲೆಕ್ಕ ಹಾಕಿದೆ.

ಫ್ರೆಂಚರು ಕೆಳಗಿನ ಡೆಕ್ಕಿನಲ್ಲಿ ಇಡುತ್ತಿದ್ದದ್ದು 36 ಪೌಂಡ್ ಫಿರಂಗಿ. ಅವರ ಪೌಂಡೂ ದೊಡ್ಡದು, ಸುಮಾರು 490 ಗ್ರಾಂ. ಅಂದರೆ ಒಂದು ಗುಂಡು ಹದಿನೇಳೂವರೆ ಕಿಲೋ. ಬ್ರಿಟಿಷರ 32 ಪೌಂಡ್ ಗುಂಡು ಹದಿನಾಲ್ಕೂವರೆ ಕಿಲೋ. ಫ್ರೆಂಚ್ ಫಿರಂಗಿಯ ಬಾಯಿ ಸುಮಾರು 17.5 ಸೆಂ.ಮೀ., ಬ್ರಿಟಿಷರದು 16.3. ಬ್ರಿಟಿಷ್ ಗುಂಡು ಆ ನಳಿಗೆಯಲ್ಲಿ ಸಡಿಲ. ಅದಕ್ಕೇ ಹಡಗು ಹಿಡಿದ ಮೇಲೆ ಫಿರಂಗಿ ಬದಲಾಯಿಸುತ್ತಿದ್ದರು.

ಈಗ ನೋಡಿ. 16.3 ಸೆಂ.ಮೀ. ಅನ್ನು 100ರಿಂದ ಭಾಗಿಸಿದರೆ 1.63 ಮಿ.ಮೀ. 17.5 ಸೆಂ.ಮೀ. ಅನ್ನು 106.6ರಿಂದ ಭಾಗಿಸಿದರೆ 1.64 ಮಿ.ಮೀ. ನೀವು ಮಾಡಿಸಿಟ್ಟ ಫಿರಂಗಿಯ ಬಾಯಿ ಈ ಚಿಕ್ಕ ಹಲ್‌ನಲ್ಲಿ ಸರಿಯಾಗಿ ಫ್ರೆಂಚ್ 36 ಪೌಂಡ್ ಆಗುತ್ತೆ. ಫ್ರೆಂಚ್ ಲೆಕ್ಕದಲ್ಲಿ ಕೆಳಗಿನ ಡೆಕ್ಕಿಗೆ 28 ಬೇಕು. ಅಂದರೆ 1805ರ ದ್ಯುಗೇ-ತ್ರುವ್ಯಾಂ ಮಾಡಿದರೆ ನಿಮ್ಮ ಹತ್ತಿರ ಇರುವುದೆಲ್ಲ ಹೊಂದುತ್ತೆ. ಡೆಕ್ ಒಂದು ಬಿಟ್ಟು.

ಉಳಿ_ಸುತ್ತಿಗೆ

ಮೇಡಂ, ಇದು ಸೂಪರ್. ಬಣ್ಣ ಬಳಿಯೋ ಮುಂಚೆ ಗೊತ್ತಾಯಿತಲ್ಲ.

ತೇಗದ_ಹಡಗು

ನನಗೂ ಅದೇ ಸರಿ ಅನ್ನಿಸುತ್ತೆ. ಹುಟ್ಟಿದ ಹೆಸರು ಫ್ರೆಂಚ್, ಕಟ್ಟಿದ ಕೈ ಫ್ರೆಂಚ್, ನಕ್ಷೆ ಫ್ರೆಂಚ್. ಐದು ವರ್ಷದ ಮೇಲೆ ಯಾರೋ ಹಿಡಿದು ಬೇರೆ ಹೆಸರಿಟ್ಟರು ಅಂತ ಹಡಗು ಅವರದಾಗುತ್ತಾ?

ಮಲ್ಪೆ_ಬಂದರು

ಐದು ವರ್ಷ ಅಲ್ಲಿ ಇದ್ದು, ನೂರ ನಲವತ್ತು ವರ್ಷದ ಮೇಲೆ ಇಲ್ಲಿ ಇದ್ದರೆ ಯಾರದು ಅನ್ನಬೇಕು? ಬೋಟು ಯಾರ ಕೈಯಲ್ಲಿ ದುಡಿಯುತ್ತೋ ಅವರದೇ. ನಮ್ಮ ಕಡೆ ಬೋಟು ಕೈ ಬದಲಾದರೆ ಹೊಸ ಹೆಸರು ಬರೆಸಿ ಪೂಜೆ ಮಾಡಿಸುತ್ತೇವೆ. ಹಳೇ ಹೆಸರಲ್ಲಿ ಯಾರೂ ಕರೆಯಲ್ಲ.

ತೇಗದ_ಹಡಗು

ಅದು ಕೊಂಡದ್ದು ಮಲ್ಪೆ ಅಣ್ಣ, ಕಸಿದದ್ದಲ್ಲ. ಎರಡೂ ಒಂದೇನಾ?

ಮಲ್ಪೆ_ಬಂದರು

ಆ ಕಾಲದಲ್ಲಿ ಹಿಡಿದ ಹಡಗಿಗೂ ಕಾನೂನು ಇತ್ತು. ಕೋರ್ಟಿಗೆ ಹೋಗಿ ಬೆಲೆ ಕಟ್ಟಿ, ನಾವಿಕರಿಗೆ ಪಾಲು ಹಂಚುತ್ತಿದ್ದರು. ಸುಮ್ನೆ ಕಸಿದದ್ದು ಅಂತ ಹೇಳಕ್ಕಾಗಲ್ಲ.

ಉಳಿ_ಸುತ್ತಿಗೆ

ಇದಕ್ಕೆ ಬೇರೆ ಥ್ರೆಡ್ ತೆರೆಯಿರಿ ಸಾರ್. ಆ ಹುಡುಗ ಏನು ಮಾಡಬೇಕು ಅಂತ ಕೇಳುತ್ತಿದ್ದಾನೆ.

ಹಾಯಿಪಟ_74 (ಬುಧವಾರ, ರಾತ್ರಿ 12.10)

ಎರಡು ದಿನ ಯೋಚನೆ ಮಾಡಿದೆ. ನಕ್ಷೆ ಮೇಡಂ ಲೆಕ್ಕ ನೋಡಿ ತುಂಬ ಖುಷಿ ಆಯಿತು, ನಿಜ. ಆದರೆ ನಾನು ಮಾಡಲು ಹೊರಟದ್ದು 1808ರ ಹಡಗು. ಮೊದಲೇ ವರ್ಷ ಹೇಳಬೇಕಿತ್ತು, ಹೇಳಲಿಲ್ಲ. ವ್ಸೆವೊಲೋದ್ ಹಿಂದೆ ಓಡಿದ ಹಡಗು ಅದು. ಫ್ರೆಂಚ್ ಮೈ, ಬ್ರಿಟಿಷ್ ಫಿರಂಗಿ. ಅದೇ ಬೇಕು ನನಗೆ.

ಇವತ್ತು ಸಂಜೆ ಹೊಸ ಪ್ರಿಂಟ್ ತೆಗೆಸಿದೆ. ಪಟ್ಟಿ 32.5 ಸೆಂ.ಮೀ. ಬಂತು, ಕೂದಲೆಳೆ ಕಡಿಮೆ. ನಡುವಿನ ಫ್ರೇಮ್ ಒಂದನ್ನು ಮನೆಯಲ್ಲೇ ಗರಗಸದಲ್ಲಿ ಕೊಯ್ದು, ಡೆಕ್ ತಂದು ಅದರ ಮೇಲಿಟ್ಟೆ. ಎರಡೂ ಪಕ್ಕ ಹಲಗೆಯ ಅಂಚು ಪೆನ್ಸಿಲ್ ಗೆರೆಯ ಮೇಲೆ ಸರಿಯಾಗಿ ಬಂದು ನಿಂತಿತು. ಒತ್ತಬೇಕಾಗಲೇ ಇಲ್ಲ. ಫೋಟೋ ಹಾಕಿದ್ದೇನೆ. ಇನ್ನು ಉಳಿದ ಫ್ರೇಮ್‌ಗಳು.

ಹಳೇ ಹಲ್ ಬಿಸಾಡಲ್ಲ. ಯಾರಿಗಾದ್ರೂ ದ್ಯುಗೇ-ತ್ರುವ್ಯಾಂ ಮಾಡಬೇಕು ಅನ್ನಿಸಿದರೆ ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ.

ತೇಗದ_ಹಡಗು

ನನಗೆ ಕೊಡಿ. ಶನಿವಾರ ಬರುತ್ತೇನೆ. ಹಲಗೆ ಮಾತ್ರ ತೇಗದ್ದೇ ಹೊದಿಸುತ್ತೇನೆ, ಪರವಾಗಿಲ್ವಾ?

ಮಲ್ಪೆ_ಬಂದರು

ಓಕ್ ಹಡಗಿಗೆ ತೇಗವಾ?

ಉಳಿ_ಸುತ್ತಿಗೆ

ಹಾಯಿಪಟ, ಹೊಸ ಫ್ರೇಮ್ ಅಂಟಿಸುವ ಮುಂಚೆ ಹಾಯಿಮರದ ತೂತುಗಳನ್ನೂ ಡೆಕ್ ಇಟ್ಟು ಒಮ್ಮೆ ನೋಡಿಕೊಳ್ಳಿ. ಕೀಲ್ ಕೂಡ ಹೊಸದಾಗಿ ಕೊಯ್ಯಬೇಕು, ಅದನ್ನು ಮರೆಯಬೇಡಿ.