ತಾತನ ಟ್ರಂಕಿನಲ್ಲಿ ಸಿಕ್ಕ ಹಳೆ ಸ್ಟಾಂಪ್‌ಗಳಿಗೆ ಬೆಲೆ ಎಷ್ಟು?

ಪ್ರಶ್ನೆ: ಸರ್, ನಮಸ್ಕಾರ. ನಾನು ತರೀಕೆರೆಯವಳು. ತಾತನ ಟ್ರಂಕಿನಲ್ಲಿ ಒಂದು ಸ್ಟಾಂಪ್ ಆಲ್ಬಂ, ಒಂದು ಕಟ್ಟು ಹಳೆ ಕಾಗದ ಸಿಕ್ಕಿವೆ. ಜಾರ್ಜ್ ದೊರೆಯ ಸ್ಟಾಂಪ್‌ಗಳೇ ಜಾಸ್ತಿ. ಗಾಂಧೀಜಿಯ ಒಂದೂವರೆ ಆಣೆಯದು ನಾಲ್ಕಿವೆ. ಆಸ್ತಿ ಪತ್ರದ ಮೇಲೆ ಮೈಸೂರು ಸರ್ಕಾರದ ಸ್ಟಾಂಪೂ ಇದೆ. ಗಾಂಧಿ ಸ್ಟಾಂಪ್‌ಗೆ ಲಕ್ಷಗಟ್ಟಲೆ ಬರುತ್ತೆ ಅಂತಾರೆ ನಮ್ಮ ಭಾವ. ನಿಜಾನಾ? ಲಕೋಟೆ ಮೇಲಿನವನ್ನು ನೀರಲ್ಲಿ ನೆನೆಸಿ ಬಿಡಿಸೋಣ ಅಂತಿದ್ದೇನೆ.

ಉತ್ತರ: ದಯವಿಟ್ಟು ನೆನೆಸಬೇಡಿ ಮೇಡಂ. ಎಷ್ಟೋ ಮನೆಗಳಲ್ಲಿ ಒಳ್ಳೆಯ ಲಕೋಟೆಗಳು ಹೀಗೇ ಹಾಳಾಗಿವೆ. ಊರಿನ ಮುದ್ರೆ, ತಾರೀಕು, ವಿಳಾಸ ಎಲ್ಲ ಒಟ್ಟಿಗಿದ್ದರೇ ಅದಕ್ಕೆ ಬೆಲೆ. ಬಿಡಿಸಿದರೆ ಉಳಿಯುವುದು ಎಲ್ಲರ ಹತ್ತಿರವೂ ಇರುವ ಒಂದು ಸ್ಟಾಂಪ್ ಅಷ್ಟೇ.

ಇನ್ನು ಗಾಂಧೀಜಿ. 1948ರ ಆಗಸ್ಟ್ 15ರಂದು ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ, 10 ರೂಪಾಯಿ ಹೀಗೆ ನಾಲ್ಕು ಬಂದವು. ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದವು. ಒಂದೂವರೆ ಆಣೆಯದು ಈಗಲೂ ಸುಲಭವಾಗಿ ಸಿಗುತ್ತೆ. ಬೆಲೆ ಇರುವುದು 10 ರೂಪಾಯಿಯದಕ್ಕೆ. ಆಗ ಅದು ದೊಡ್ಡ ದುಡ್ಡು, ಕೊಂಡವರೇ ಕಡಿಮೆ. ನಿಮ್ಮ ಭಾವ ಕೇಳಿರುವುದು ಬಹುಶಃ ಅದರ ಮೇಲೆ ‘ಸರ್ವಿಸ್’ ಅಂತ ಅಚ್ಚೊತ್ತಿದ ಸ್ಟಾಂಪ್ ಸುದ್ದಿ. ಗವರ್ನರ್ ಜನರಲ್ ಕಚೇರಿಗಾಗಿ ಮಾಡಿದ್ದು, ತುಂಬಾ ಅಪರೂಪ. 10 ರೂಪಾಯಿಯದಕ್ಕೆ ನಕಲಿಗಳೂ ಇವೆ, ಪರಿಣತರಿಗೆ ತೋರಿಸದೆ ಯಾರೂ ಕೊಳ್ಳಬೇಡಿ.

ಮೈಸೂರಿನದು ಅಂಚೆಚೀಟಿ ಅಲ್ಲ. ಮೈಸೂರು ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ನಿಮ್ಮದು ಕೋರ್ಟ್ ಫೀ ಅಥವಾ ರೆವಿನ್ಯೂ ಸ್ಟಾಂಪ್. ಅದನ್ನು ಕೂಡಿಸುವವರೂ ಇದ್ದಾರೆ. ಪತ್ರದಿಂದ ಕೀಳಬೇಡಿ.

ಪ್ರಶ್ನೆ: ಜಾರ್ಜ್ ದೊರೆಯವು ಹಳೆಯವಲ್ವಾ ಸರ್? ಕ್ಯಾಟಲಾಗ್ ಬೆಲೆ ನೋಡಿದರೆ ಸಾಕಾ?

ಉತ್ತರ: ಹಳೆಯದಾದ ಮಾತ್ರಕ್ಕೆ ಬೆಲೆ ಬರಲ್ಲ. ಕಾಲಾಣೆ, ಅರ್ಧ ಆಣೆಯವು ಕೋಟಿಗಟ್ಟಲೆ ಅಚ್ಚಾಗಿದ್ದವು. ಕ್ಯಾಟಲಾಗಿನಲ್ಲಿರುವುದು ಒಳ್ಳೆ ಸ್ಥಿತಿಯ ಸ್ಟಾಂಪನ್ನು ಅಂಗಡಿಯವರು ಮಾರುವ ದರ. ನೀವು ಮಾರುವಾಗ ಅದಕ್ಕಿಂತ ಬಹಳ ಕಡಿಮೆ ಬರುತ್ತೆ. ಅಂಚಿನ ಹಲ್ಲುಗಳು ಪೂರ್ತಿ ಇವೆಯಾ, ಹಿಂದೆ ಕಾಗದ ಸವೆದಿದೆಯಾ, ಮಲೆನಾಡಿನ ತೇವಕ್ಕೆ ಕಂದು ಚುಕ್ಕೆ ಬಿದ್ದಿದೆಯಾ ನೋಡಿ. ಬಳಸದ ಸ್ಟಾಂಪ್ ಆದರೆ ಹಿಂದಿನ ಅಂಟು ಹಾಗೇ ಇರಬೇಕು. ಕೈಯಲ್ಲಿ ಮುಟ್ಟಬೇಡಿ, ಚಿಮಟದಲ್ಲಿ ಹಿಡಿಯಿರಿ.

ಪ್ರಶ್ನೆ: 1943ರ ಒಂದು ಲಕೋಟೆ ಇದೆ. ತಾತನ ತಮ್ಮ ಸೈನ್ಯದಿಂದ ಬರೆದದ್ದು. ಬದಿ ಕತ್ತರಿಸಿ ಮತ್ತೆ ಚೀಟಿ ಅಂಟಿಸಿದ್ದಾರೆ. ಹರಿದಿದೆ, ಬಿಸಾಕಲಾ?

ಉತ್ತರ: ಅಯ್ಯೋ ಬೇಡ ಮೇಡಂ! ಯುದ್ಧದ ಕಾಲದಲ್ಲಿ ಸೆನ್ಸಾರಿನವರು ಕಾಗದ ಒಡೆದು, ಓದಿ, ಹಾಗೆ ಚೀಟಿ ಅಂಟಿಸುತ್ತಿದ್ದರು. ನಿಮ್ಮ ಕಟ್ಟಿನಲ್ಲಿ ನಾನು ಮೊದಲು ನೋಡಬೇಕೆನ್ನುವುದು ಅದನ್ನೇ. ಮುದ್ರೆಯಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ, ಅಂದರೆ ಸೈನ್ಯದ ಜೊತೆಗಿದ್ದ ಅಂಚೆ ಕಚೇರಿಯ, ನಂಬರ್ ಇದ್ದರೆ, ಅವರು ಎಲ್ಲಿದ್ದರು ಅಂತಲೂ ಹುಡುಕಬಹುದು. ಲಕೋಟೆಯ ಎರಡೂ ಬದಿಯ ಫೋಟೋ ಹಾಕಿ. ಒಳಗೆ ಕಾಗದ ಇದ್ದರೆ ಹಾಗೇ ಅದರ ಜೊತೆಗೇ ಇಡಿ.